ಮೋಟರಿನ ಕಾಲು

ಶಿವಲಕ್ಷ್ಮಿ ಆಟೋದಿಂದ ದೋಣಿಯ ಎರಡು ಮೋಟರುಗಳನ್ನು ಇಳಿಸಿಕೊಂಡಳು. ಒಂದಕ್ಕೆ ಗೋಣಿಚೀಲ ಹೊದಿಸಿತ್ತು. ಇನ್ನೊಂದನ್ನು ಕೌದಿಯಲ್ಲಿ ಸುತ್ತಿ, ಕಾಯಿಲೆಯವರನ್ನು ಆಸ್ಪತ್ರೆಗೆ ತರುವಂತೆ ತಲೆಯ ಕಡೆಯನ್ನು ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು.

"ಪಂಪು ರಿಪೇರಿ ಶಿವಲೀಲಕ್ಕ ಅಂದ್ರ ನೀವೇ ಏನ್ರಿ?"

ಆಕೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಆದರೆ ಕೌದಿ ಸರಿದ ಕಡೆ ಮೋಟರಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ 'ನಾಗಜ್ಯೋತಿ' ಎಂದು ಬರೆದಿದ್ದು ಕಂಡಿತು. ಹೊಳೆಯಲ್ಲಿ ದೋಣಿ ನಡೆಸುತ್ತಿದ್ದ ಸುಂಕೇಶ ತನ್ನ ಮಗಳ ಹೆಸರು ಬರೆಸಿದ್ದ. ನನ್ನ ಕೈಯಲ್ಲಿದ್ದ ಬೋಲ್ಟು ಬಿಗಿಯುವ ಪಾನಾ ಕೆಳಗಿಟ್ಟೆ.

"ಸುಂಕೇಶನ ಹೇಂತಿ ನಾನು. ಸಿ. ಬೆಳಗಲ್ ಕಡೆ, ಹೊಳಿದಂಡಿ ಊರು," ಎಂದಳು. "ಮೈದುನ ಈ ಹಳೇ ಮೋಟರ್ ಹುಡುಕಿ ತಂದಾನ. ಇದರ ಕಾಲು ಮುರದೈತಿ. ನಮ್ಮದರ ತಲಿ ಸುಟ್ಟೈತಿ. ನಮ್ಮದರ ಕಾಲು ಇದಕ್ಕ ಕೂಡಿಸಿದ್ರ ಒಂದು ಮೋಟರ್ ಅಕ್ಕೈತಿ ಅಂದ. ನಾಳಿ ಬೋಟು ಇಳಸಬೇಕು."

"ಯಾರು ನಡಸ್ತಾರ?"

"ನಾನೇ. ಮಂದಿ ಹತ್ತತಾರೋ ಇಲ್ಲೋ ಅದೊಂದೇ ನೋಡಬೇಕು. ಕುಡುಕನ ಬೋಟು ಅಂತಾರ್ರಿ. ನಮ್ಮ ಹುಡುಗಿಗೆ ಸಾಲ್ಯಾಗ ಕುಡುಕನ ಮಗಳು ಅಂತ ಹೆಸರು ಇಟ್ಟಾರ."

ಮೂರು ವರ್ಷದ ಹಿಂದೆ ತುಂಗಭದ್ರೆ ತುಂಬಿ ಹರಿಯುತ್ತಿದ್ದಾಗ ಸುಂಕೇಶ ಏಳು ಜನರನ್ನು ಕೂರಿಸಿಕೊಂಡು ಆಚೆ ದಡದಿಂದ ಬರುತ್ತಿದ್ದ. ಹೊಳೆಯೊಳಗಿನ ಪಂಪ್‌ಹೌಸಿನ ಬಳಿ ಬಂದು ಮೋಟರು ನಿಂತಿತು. ಏಳು ಜನ ಪಂಪ್‌ಹೌಸಿನ ಕಬ್ಬಿಣದ ಏಣಿ ಹಿಡಿದು ಉಳಿದರು. ಕೊನೆಯವನಾಗಿ ಉಳಿದ ಸುಂಕೇಶನನ್ನು ದೋಣಿಯೊಂದಿಗೆ ಹೊಳೆ ಎಳೆದುಕೊಂಡು ಹೋಯಿತು. ನೆರೆ ಇಳಿದ ಮೇಲೆ ದೋಣಿ ಮೋಟರಿನ ಸಮೇತ ಕೆಳಗಿನ ದಂಡೆಯಲ್ಲಿ ಸಿಕ್ಕಿತು. ಕುಡಿದಿದ್ದ ಎಂದು ಬದುಕಿ ಬಂದವರೇ ಹೇಳಿದರು. ನಡುಹೊಳೆಯಲ್ಲಿ ಬಗ್ಗಿ ಬಗ್ಗಿ ಮೋಟರಿನ ಹಿಂದೆ ನೋಡುತ್ತಿದ್ದನಂತೆ. ಕೈ ಚಾಚಿ ಏನನ್ನೋ ಮುಟ್ಟಿ ಮುಟ್ಟಿ ನೋಡುತ್ತಿದ್ದನಂತೆ. ಕೂಗಿದರೂ ತಿರುಗಲಿಲ್ಲವಂತೆ.

ಅವನು ಏನನ್ನು ಮುಟ್ಟಿ ನೋಡುತ್ತಿದ್ದ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ಮೋಟರಿನ ಕಾಲು ಅಂದರೆ ನೀರಿನಲ್ಲಿ ಮುಳುಗುವ ಕೆಳಭಾಗ. ತುದಿಗೆ ಫ್ಯಾನು, ಒಳಗೆ ಗೇರು, ನೆತ್ತಿಯ ಮೇಲೆ ಒಂದು ಪುಟ್ಟ ಪಂಪು. ಹೊಳೆಯ ನೀರನ್ನೇ ಪೈಪಿನಲ್ಲಿ ಮೇಲೇರಿಸಿ ಎಂಜಿನ್ನನ್ನು ತಣ್ಣಗಿಡುವುದು ಆ ಪಂಪಿನ ಕೆಲಸ. ನೀರು ಏರುತ್ತಿದ್ದರೆ ಹಿಂದಿನ ತೂತಿನಿಂದ ಸಣ್ಣ ಧಾರೆ ಬೀಳುತ್ತಲೇ ಇರುತ್ತದೆ. ಧಾರೆ ನಿಂತರೆ ಎಂಜಿನ್ನು ಸುಟ್ಟು ಕಚ್ಚಿಕೊಳ್ಳುತ್ತದೆ. ಆ ದಿನ ಬೆಳಿಗ್ಗೆ ಸುಂಕೇಶ ಧಾರೆ ಸಣ್ಣಗಾಗಿದೆ ಎಂದು ಮೋಟರು ತಂದಿದ್ದ. ಕಾಲು ಬಿಚ್ಚಿ ಪಂಪು ಸರಿಮಾಡಿದೆ. ಮತ್ತೆ ಕೂಡಿಸುವಾಗ, ಪೈಪು ಪಂಪಿಗೆ ಸೇರುವ ಬಾಯಿಯ ರಬ್ಬರು ಹರಿದು ಕೈಗೆ ಬಂತು. ಹೊಸದು ಬರಲು ಎರಡು ದಿನ ಬೇಕಿತ್ತು. ಅಷ್ಟರಲ್ಲಿ ಶಾಲೆಯಿಂದ ಫೋನು, ನನ್ನ ಮಗಳು ಉಮಾಗೆ ಜ್ವರ ಏರಿದೆ, ಬಂದು ಕರೆದುಕೊಂಡು ಹೋಗಿ ಎಂದು. ಬಾವಿ ಪಂಪಿನ ಸಂದಿಗೆ ನಾವು ಯಾವಾಗಲೂ ಮಾಡುವುದನ್ನೇ ಮಾಡಿದೆ. ಪಕ್ಕದ ಮಗ್ಗದ ಮನೆಯ ಹಸಿರು ನೂಲನ್ನು ಗ್ರೀಸಿನಲ್ಲಿ ಅದ್ದಿ ಪೈಪಿಗೆ ಸುತ್ತಿದೆ. ಬೋಲ್ಟು ಬಿಗಿದೆ. "ಹಿಂದ ಧಾರಿ ನೋಡಿಕೋತ ಇರಪ್ಪ, ನಿಂತ್ರ ಎಂಜಿನ್ ಬಂದ್ ಮಾಡು," ಎಂದು ಹೇಳಿ ಶಾಲೆಗೆ ಓಡಿದೆ.

ಪಂಪು ಕೂಡಿಸಿದವರು ಅದರ ಮೊದಲ ಬೊಗಸೆ ನೀರು ತಾವೇ ಕುಡಿಯಬೇಕು, ಆಮೇಲೆಯೇ ರೈತನ ಕೈಗೆ ಒಪ್ಪಿಸಬೇಕು ಎಂದು ಅಪ್ಪ ಭೀಮಲಿಂಗಪ್ಪ ಹೇಳಿಕೊಟ್ಟಿದ್ದ. ಅವತ್ತು ನಾನು ಮೋಟರನ್ನು ನೀರಿನ ಡ್ರಮ್ಮಿನಲ್ಲಿಟ್ಟು ನಡೆಸಿಯೂ ನೋಡಲಿಲ್ಲ.

ಅಂದಿನಿಂದ ಯಾವ ಪಂಪು ಚಾಲೂ ಮಾಡಿದರೂ ನನ್ನ ಬೆರಳು ತಾನಾಗಿ ನೀರು ಬೀಳುವ ಬಾಯಿಗೆ ಹೋಗುತ್ತದೆ. ಬಚ್ಚಲಲ್ಲಿ ಉಮಾ ನಳ ನಿಲ್ಲಿಸಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಆಕೆಯ ಹೆಸರು ಕೂಗುತ್ತೇನೆ. ಪಂಪಿಗೆ ಪ್ರವಾಹದ ಕಸ ಕಟ್ಟಿಕೊಂಡಿರಬೇಕು, ನೂಲು ಇದ್ದಲ್ಲೇ ಇರಬೇಕು ಎಂದು ಮೂರು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ನಂಬಿರಲಿಲ್ಲ.

ಸುಟ್ಟ ಮೋಟರನ್ನು ಸ್ಟ್ಯಾಂಡಿಗೆ ಏರಿಸಿದೆ. ಮೊದಲು ಗೇರಿನ ಎಣ್ಣೆ ಇಳಿಸಲು ಕೆಳಗಿನ ಸ್ಕ್ರೂ ಬಿಚ್ಚಿದೆ. ಎಣ್ಣೆಗೆ ಬದಲು ಬೆಳ್ಳಗಿನ, ಮಜ್ಜಿಗೆಯಂಥ ನೀರು ಬಂತು. ಮೂರು ವರ್ಷದ ಹೊಳೆನೀರು. ನಿಲ್ಲುತ್ತದೆ ಎಂದುಕೊಂಡಾಗಲೆಲ್ಲ ಇನ್ನೊಂದು ಹನಿ. ಶಿವಲಕ್ಷ್ಮಿ ಎದುರಿನ ಡಬ್ಬದ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು.

ಪಕ್ಕದ ಮನೆಯಿಂದ ನೇಕಾರ ಉಚ್ಚೀರಪ್ಪ ಬಂದು ನಿಂತ.

"ಏನವ್ವ ಶಿವಲೀಲಾ, ಹೊಳಿ ಇಲ್ಲದ ನಮ್ಮ ಎಮ್ಮಿಗನೂರಿಗೆ ಹಡಗ ತರಸೀಯಲ್ಲ. ನಮ್ಮ ಚರಂಡ್ಯಾಗ ಬಿಡ್ತೀ ಏನು?"

"ಹೌದು ಕಾಕಾ."

"ನನಗೊಂದು ಸೀಟು ಇಡು ಮತ್ತ. ಕಿಟಕಿ ಕಡಿ."

ಬೋಲ್ಟುಗಳನ್ನು ತೆಗೆದು ಕಾಲನ್ನು ಮೆಲ್ಲಗೆ ಕೆಳಗೆಳೆದೆ. ಪಂಪಿನ ಬಾಯಿ ಬರಿದಾಗಿತ್ತು. ಸುತ್ತಿದ್ದ ನೂಲು ಅಲ್ಲಿರಲಿಲ್ಲ. ಮೇಲಿನ ಪೈಪಿನ ತುದಿಯೊಳಗೆ ಏನೋ ಕರ್ರಗೆ ತುರುಕಿಕೊಂಡಿತ್ತು. ಚಿಮಟಿಗೆಯಿಂದ ಹಿಡಿದು ಎಳೆದೆ. ಬೆರಳುದ್ದದ ಗಂಟು ಜಾರಿ ನೆಲಕ್ಕೆ ಬಿತ್ತು. ಬಿಸಿಗೆ ಗ್ರೀಸು ಕರಗಿ, ನೂಲು ಸಡಿಲಾಗಿ, ಪಂಪಿನ ಒತ್ತಡಕ್ಕೆ ಪೈಪಿನೊಳಗೆ ನುಗ್ಗಿ ಬಿರಡೆಯಂತೆ ಕೂತಿತ್ತು.

ಉಚ್ಚೀರಪ್ಪ ಅದನ್ನೆತ್ತಿ ಉಗುರಿನಿಂದ ಬಿಡಿಸಿದ. ಒಳಗೆ ಇನ್ನೂ ಹಸಿರಿತ್ತು.

"ಇದು ನಮ್ಮ ಮಗ್ಗದ ಹಸಿರಲ್ಲೇನು? ನಾನು ಹೋಗದ ಊರಿಗೆ ನನ್ನ ನೂಲು ಹೋಗಿ ಬಂದೈತಲ್ಲ," ಎಂದು ನಕ್ಕು ಕಟ್ಟೆಯ ಮೇಲಿಟ್ಟು ಹೋದ.

"ಏನ್ರಿ ಅದು?" ಎಂದಳು ಶಿವಲಕ್ಷ್ಮಿ.

"ಕೈ ಒರಸೂ ನೂಲು," ಎಂದೆ.

ಮಧ್ಯಾಹ್ನದವರೆಗೆ ತೊಳೆದೆ, ಮರಳು ತೆಗೆದೆ, ಸೀಲು ಬದಲಿಸಿದೆ, ಪಂಪಿನ ಬಾಯಿಗೆ ಹೊಸ ರಬ್ಬರು ಹಾಕಿದೆ, ಹೊಸ ಎಣ್ಣೆ ತುಂಬಿದೆ. ಗೇರು ಕೆಟ್ಟಿರಲಿಲ್ಲ. ಆಕೆ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ನನ್ನ ಕಡೆ ಚಾಚಿದಳು. "ಬ್ಯಾಡ್ರಿ," ಎಂದೆ. "ತಗೋರಿ, ಕೆಲಸ ಮಾಡೂ ಕೈ," ಎಂದಳು. ತಿಂದೆ.

ಮೈದುನ ತಂದಿದ್ದ ಮೋಟರಿಗೆ ಈ ಕಾಲು ಕೂಡಿಸಲು ಇಬ್ಬರು ಬೇಕು. ಆಕೆ ಮಂಡಿಯೂರಿ ಕಾಲನ್ನು ಎರಡೂ ಕೈಯಿಂದ ಎತ್ತಿ ಹಿಡಿದಳು. ನಾನು ಮೇಲಿನಿಂದ ದಾರಿ ತೋರಿಸಿದೆ. ಉದ್ದನೆಯ ರಾಡಿನ ಹಲ್ಲು ಮೇಲಿನ ಹಲ್ಲಿಗೆ ಕೂಡಬೇಕು, ಗೇರಿನ ಕಡ್ಡಿ ತನ್ನ ಕೊಂಡಿಗೆ ಸೇರಬೇಕು, ಅದೇ ಹೊತ್ತಿಗೆ ನೀರಿನ ಪೈಪು ರಬ್ಬರಿನೊಳಗೆ ಇಳಿಯಬೇಕು. ಕಣ್ಣಿಗೆ ಕಾಣುವುದಿಲ್ಲ, ಕೈಗೇ ಗೊತ್ತಾಗಬೇಕು.

"ಇನ್ನೊಂಚೂರು ಎತ್ರಿ. ಫ್ಯಾನು ತುಸು ತಿರುವುತೀನಿ. ಹಾಂ, ಹಲ್ಲು ಕೂತಾವ. ಹಂಗ ಹಿಡೀರಿ, ಪೈಪು ರಬ್ಬರಿನಾಗ ಕುಂದ್ರಬೇಕು."

"ಕುಂದರಲಿಲ್ಲ ಅಂದ್ರ?"

"ನೀರು ಮ್ಯಾಲ ಏರಂಗಿಲ್ಲ. ಎಂಜಿನ್ ಸುಡತೈತಿ."

ಆಕೆ ಮೊಣಕೈಯನ್ನು ತೊಡೆಗೆ ಆನಿಸಿ ಹಿಡಿತ ಸರಿಮಾಡಿಕೊಂಡಳು.

"ಅವರದ್ರಾಗ ಈ ರಬ್ಬರ ಇತ್ತೇನ್ರಿ?"

ಇತ್ತು ಎಂದರೆ ಮುಗಿಯುತ್ತಿತ್ತು. ಆಕೆ ಮೋಟರು ತೆಗೆದುಕೊಂಡು ಹೋಗುತ್ತಿದ್ದಳು. ಬೆಳಿಗ್ಗೆ ದಂಡೆಯಲ್ಲಿ ಖಾಲಿ ದೋಣಿಯಲ್ಲಿ ಕೂತು ಮಂದಿಗಾಗಿ ಕಾಯುತ್ತಿದ್ದಳು.

"ಇರಲಿಲ್ಲ," ಎಂದೆ. "ಹರದಿತ್ತು. ನಾನು ಅದರ ಬದಲಿ ನೂಲು ಸುತ್ತಿದ್ದೆ. ಆಗ ಬಿತ್ತಲ್ಲ, ಆ ಗಂಟು. ಪೈಪಿನಾಗ ಹೋಗಿ ಕೂತಿತ್ತು. ನಿಮ್ಮವರು ಕುಡದಿದ್ದಿಲ್ಲ. ಬಗ್ಗಿ ನೋಡಿದ್ದು ನೀರಿನ ಧಾರಿ. ನಾನೇ ನೋಡು ಅಂತ ಹೇಳಿದ್ದೆ."

ಕಾಲು ಕೆಳಗೆ ಬೀಳುತ್ತದೆ ಎಂದುಕೊಂಡೆ. ಬೀಳಲಿಲ್ಲ.

"ನಿಂತ್ರ ಬಂದ್ ಮಾಡು ಅಂತನೂ ಹೇಳಿದ್ದೆ," ಎಂದೆ. "ಮಾಡಿದ್ರ ಎಂಜಿನ್ ಉಳೀತಿತ್ತು, ಬೋಟು ಮಂದಿ ಸಮೇತ ಹೊಳಿ ಪಾಲಾಗ್ತಿತ್ತು. ಅದು ಅಂವಗ ಗೊತ್ತಿತ್ತು. ಏಣಿ ಮುಟ್ಟೂತನ ಸುಡಲಿ ಅಂತ ನಡಸ್ಯಾನ."

ಆಕೆ ನನ್ನ ಮುಖ ನೋಡಲಿಲ್ಲ.

"ಬೋಲ್ಟ್ ಹಾಕ್ರಿ ಮದ್ಲ," ಎಂದಳು. "ಕೈ ಸೋತಾವ."

ಹಾಕಿದೆ. ಪಾನಾ ನನ್ನ ಕೈಯಿಂದ ತೆಗೆದುಕೊಂಡು ಒಂದೊಂದನ್ನೂ ತಾನೇ ಮತ್ತೊಮ್ಮೆ ಬಿಗಿದು ನೋಡಿದಳು. ನೀಲಿ ಡ್ರಮ್ಮಿಗೆ ನೀರು ತುಂಬಿ ಮೋಟರು ಇಳಿಸಿದೆವು. ನಾಲ್ಕನೆಯ ಸಲ ಹಗ್ಗ ಎಳೆದಾಗ ಹೊಗೆ ಬಂತು, ಸದ್ದು ಬಂತು. ಹಿಂದಿನ ತೂತಿನಿಂದ ಮೊದಲು ಮರಳು ಬೆರೆತ ನೀರು, ಆಮೇಲೆ ತಿಳಿಯಾದ ಧಾರೆ. ಶಿವಲಕ್ಷ್ಮಿ ಬಗ್ಗಿದಳು. ಬೆರಳು ಚಾಚಿ ಮುಟ್ಟಿದಳು. ಬಹಳ ಹೊತ್ತು ತೆಗೆಯಲಿಲ್ಲ.

"ಹಿಂಗೇನ್ರಿ?"

"ಹಿಂಗ."

ಎಂಜಿನ್ನು ನಿಲ್ಲಿಸಿದೆ. ಆಟೋ ಬಂದಾಗ ಇಬ್ಬರೂ ಮೋಟರನ್ನು ಏರಿಸಿದೆವು. ಹತ್ತುವಾಗ ತಿರುಗಿದಳು. "ನಾ ಹೇಳಿದ್ರ ಯಾರೂ ನಂಬಂಗಿಲ್ಲ. ಮುಂಜಾನೆ ನೀವು ಬರ್ರಿ. ಆ ನೂಲು ತಗೊಂಡು ಬರ್ರಿ. ಇವತ್ತು ಹೇಳಿದ್ದನ್ನ ದಂಡಿ ಮ್ಯಾಲ ನಿಂತು ಹೇಳ್ರಿ. ಆಮ್ಯಾಲ ಬೋಟಿನಾಗ ಮದ್ಲು ನೀವು ಕುಂದ್ರಬೇಕು."

"ನನಗ ಈಜು ಬರಂಗಿಲ್ಲ."

"ಅವರಿಗಿ ಬರ್ತಿತ್ತು," ಎಂದಳು.

ಹೋದೆ. ದಂಡೆಯ ಮೇಲೆ ಊರಿನ ಮೂವತ್ತು ನಲವತ್ತು ಜನ ಇದ್ದರು. ನೂಲಿನ ಗಂಟನ್ನು ಅಂಗೈಯಲ್ಲಿಟ್ಟು ಎಲ್ಲ ಹೇಳಿದೆ. ಯಾರೂ ಬೈಯಲಿಲ್ಲ. ಏಣಿ ಹಿಡಿದು ಉಳಿದವರಲ್ಲಿ ಒಬ್ಬಳಾದ ಲಿಂಗಕ್ಕ ಎಂಬ ಮುದುಕಿ ಹತ್ತಿರ ಬಂದು ಗಂಟನ್ನು ನೋಡಿ, "ನಾವು ಇಳೀಮುಂದ ಅಂವನ ಕೈ ಸುಟ್ಟು ಬೊಬ್ಬಿ ಎದ್ದಿತ್ತವ್ವ. ಯಾಕಂತ ಯಾರೂ ಕೇಳಲಿಲ್ಲ," ಎಂದಳು. ಹಿಂದೆ ನಿಂತಿದ್ದ ಹುಡುಗಿ, ನಾಗಜ್ಯೋತಿಯೇ ಇರಬೇಕು, ನನ್ನನ್ನೇ ನೋಡುತ್ತಿದ್ದಳು. ಉಮಾಳ ವಯಸ್ಸೇ.

ದೋಣಿಯಲ್ಲಿ ನಾವಿಬ್ಬರೇ. ಶಿವಲಕ್ಷ್ಮಿ ಹಗ್ಗ ಎಳೆದಳು. ದಂಡೆ ಹಿಂದೆ ಸರಿಯಿತು. ಪಂಪ್‌ಹೌಸಿನ ಏಣಿ ಹತ್ತಿರ ಬಂತು. ಕೆಳಗಿನ ಮೆಟ್ಟಿಲುಗಳನ್ನು ನೀರು ಮುಚ್ಚಿತ್ತು. ನಾವಿಬ್ಬರಲ್ಲದೆ ಇನ್ನೂ ಯಾರೋ ನನ್ನ ಹಿಂದೆ ಕೂತಿದ್ದಾರೆ ಅನ್ನಿಸಿತು. ತಿರುಗಲಿಲ್ಲ.

ಮೋಟರಿನ ಹಿಂದಕ್ಕೆ ಬಗ್ಗಿದೆ. ಧಾರೆ ಬೀಳುತ್ತಿತ್ತು. ಕೈ ಚಾಚಿ ಮುಟ್ಟಿದೆ. ಬೆಚ್ಚಗಿತ್ತು. ನೆಟ್ಟಗೆ ಕೂತ ಮರುಕ್ಷಣ ನಿಂತಿರಬಹುದು ಅನ್ನಿಸಿ ಮತ್ತೆ ಬಗ್ಗಿದೆ. ದಂಡೆಯಿಂದ ಯಾರೋ ಏನೋ ಕೂಗುತ್ತಿದ್ದರು. ನನಗೆ ತಿರುಗಿ ನೋಡಲಾಗಲಿಲ್ಲ. ಅಲ್ಲಿಂದ ನೋಡುವವರಿಗೆ ನಾನೂ ಕುಡಿದವಳಂತೆ ಕಂಡಿರಬೇಕು.