ಕತ್ತಲ ಕಂಬಳಿಯ ಕೊನೆಯ ಪುಟ

ಬೆಳಿಗ್ಗೆ ಒಂಬತ್ತೂವರೆಗೆ ವಿಷಯ ಗೊತ್ತಾಯಿತು: ಪುಸ್ತಕದ ಕೊನೆಯ ಕಥೆಗೆ ಕೊನೆಯೇ ಇರಲಿಲ್ಲ.

ಅದು ಮಕ್ಕಳ ಮಾಯಾಕಥೆಗಳ ಸಂಕಲನ. ಒಟ್ಟು ಎಂಟು ಕಥೆ. ಏಳು ಕಥೆಗಳ ಹಾಳೆಗಳು ಅಚ್ಚಾಗಿ, ಪ್ರೆಸ್ಸಿನ ಗೋಡೆಯುದ್ದಕ್ಕೂ ಪೇರಿಸಿ ಇಟ್ಟಿದ್ದವು. ಎಂಟನೆಯದರ ಪ್ರೂಫ್ ಪುಟ್ಟಿಯ ಕೈಯಲ್ಲಿತ್ತು. ಪುಟ್ಟಿ ಎಂದರೆ ಪುಟ್ಟವಳೇನಲ್ಲ. ಆ ಪ್ರೆಸ್ಸಿನಲ್ಲಿ ಪುಟ ಜೋಡಿಸುವ, ನಲವತ್ತು ದಾಟಿದ ಹೆಂಗಸು. ಆ ಹೆಸರು ಇಟ್ಟವರು ಅವಳ ದೊಡ್ಡಮ್ಮ. ಪುಸ್ತಕದ ಕಥೆಗಳೂ ದೊಡ್ಡಮ್ಮನವೇ. ಅವರು ಹೇಳುತ್ತ ಹೋಗಿದ್ದರು, ಪುಟ್ಟಿ ಫೋನಿನಲ್ಲಿ ದಾಖಲಿಸಿಕೊಂಡಿದ್ದಳು, ಹೊರಗಿನ ಟೈಪಿಸ್ಟ್ ಒಬ್ಬರು ಅದನ್ನು ಕೇಳಿ ಟೈಪ್ ಮಾಡಿಕೊಟ್ಟಿದ್ದರು.

ಏಳು ಕಥೆಗಳನ್ನು ಪುಟ್ಟಿ ಅಕ್ಷರ ಅಕ್ಷರ ಓದಿ ತಿದ್ದಿದ್ದಳು. ಎಂಟನೆಯದನ್ನು ಓದಿರಲಿಲ್ಲ. 'ಕತ್ತಲ ಕಂಬಳಿ' ಅವಳಿಗೆ ಹುಟ್ಟಿದಾಗಿನಿಂದ ಬಾಯಿಪಾಠ. ಗೊತ್ತಿರುವ ಕಥೆಯನ್ನು ಓದುವುದೇನು ಎಂದು ಹಾಗೇ ಪುಟಕ್ಕೆ ಸುರಿದಿದ್ದಳು. ಈಗ ಪ್ರೂಫಿನಲ್ಲಿ ನೋಡಿದರೆ ರಕ್ಕಸ ಒಂದು ಕಣ್ಣು ತೆರೆಯುತ್ತಿದ್ದ. ಅದರ ಕೆಳಗೆ ಬಿಳಿ ಹಾಳೆ.

ಟೈಪಿಸ್ಟ್ ಅರ್ಧಕ್ಕೆ ಕೈಬಿಟ್ಟಿರಬೇಕು ಎಂದು ಹಲ್ಲು ಕಡಿಯುತ್ತ ಅವಳು ಫೋನಿನ ದಾಖಲೆ ಹಚ್ಚಿದಳು. ದೊಡ್ಡಮ್ಮನ ದನಿ ಬಂತು: "ಸೂಜಿಯ ಮೊನೆ ಕಂಬಳಿಯ ಅಂಚಿಗೆ ತಾಗಿತು. ರಕ್ಕಸ ಒಂದು ಕಣ್ಣು ತೆರೆದ." ಆಮೇಲೆ ಗೊರಕೆ. ಯಾರದ್ದೆಂದು ತಿಳಿಯಲು ಪುಟ್ಟಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವಳದ್ದೇ. ಗೊರಕೆಯ ನಡುವೆ ದೊಡ್ಡಮ್ಮ ಮೆಲ್ಲಗೆ, "ಇವಳೂ ಮಲಗಿದ್ಲು," ಎಂದರು. ದಾಖಲೆ ಅಲ್ಲಿಗೆ ಮುಗಿಯಿತು.

ದೊಡ್ಡಮ್ಮ ಅದೇ ಕೋಣೆಯ ಇನ್ನೊಂದು ಮೂಲೆಯಲ್ಲೇ ಇದ್ದರು. ತಮ್ಮ ಪುಸ್ತಕ ಅಚ್ಚಾಗುವುದನ್ನು ಕಣ್ಣಾರೆ ನೋಡಬೇಕೆಂದು ಬಂದು, ಕಾಗದದ ಬಂಡಲಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಮರುದಿನ ಬೆಳಿಗ್ಗೆ ಎದುರು ರಸ್ತೆಯ ಮಕ್ಕಳ ಗ್ರಂಥಾಲಯದಲ್ಲಿ ಅವರು ಅದನ್ನು ಓದಬೇಕಿತ್ತು. ಇಷ್ಟು ವರ್ಷ ಬಾಯಲ್ಲೇ ಇದ್ದ ಕಥೆಯನ್ನು ಮೊದಲ ಸಲ ಪುಸ್ತಕದಿಂದ ಓದುವುದಕ್ಕೆಂದೇ ಹೊಸ ಕನ್ನಡಕ ಮಾಡಿಸಿಕೊಂಡಿದ್ದರು.

"ದೊಡ್ಡಮ್ಮ, ರಕ್ಕಸ ಕಣ್ಣು ಬಿಟ್ಟ ಮೇಲೆ ಏನಾಗುತ್ತೆ?"

"ನಂಗೇನು ಗೊತ್ತು?"

"ಕಥೆ ನಿಮ್ದೇ ಅಲ್ವಾ?"

"ನಂದೇ. ಆದ್ರೆ ಅಲ್ಲಿಂದ ಮುಂದಕ್ಕೆ ಹೋಗೋಕೆ ನೀವು ಯಾರಾದ್ರೂ ಬಿಟ್ಟಿದ್ರಾ? ರಕ್ಕಸ ಕಣ್ಣು ಬಿಟ್ಟ ಕೂಡ್ಲೇ ಕೊನೇ ಮಗು ಕಣ್ಣು ಮುಚ್ತಿತ್ತು. ನಾನೂ ದೀಪ ಆರಿಸಿ ಮಲಗ್ತಿದ್ದೆ. ಕೊನೆ ಯಾರಿಗೆ ಬೇಕಾಗಿತ್ತು?"

ಪುಟ್ಟಿ ಅಣ್ಣನಿಗೆ ಫೋನ್ ಮಾಡಿದಳು. ಕಥೆ ಕೇಳುವಾಗ ಎಲ್ಲರಿಗಿಂತ ಕೊನೆಗೆ ಮಲಗುತ್ತಿದ್ದವನು ತಾನೇ ಎಂದು ಇವತ್ತಿಗೂ ಜಂಬ ಕೊಚ್ಚುವವನು ಅವನು.

"ಕೊನೆ ತಾನೆ? ಗೊತ್ತು ಕಣೇ," ಎಂದ ಅಣ್ಣ. "ಸೂಜಿ ತಾಗುತ್ತೆ, ರಕ್ಕಸ ಕಣ್ಣು ಬಿಡ್ತಾನೆ... ಆಮೇಲೆ... ಆಮೇಲೆ ಬೆಳಗಾಗುತ್ತೆ."

"ಬೆಳಗಾಗಿದ್ದು ಕಥೇಲಲ್ಲ ಮಾರಾಯ, ನಮ್ಮನೇಲಿ."

ಅಷ್ಟರಲ್ಲಿ ಮಷಿನ್ ನಡೆಸುವವನು ಬಾಗಿಲಲ್ಲಿ ನಿಂತ. ಮಷಿನ್ ಸದ್ದಿನ ಮೇಲೆ ಕೂಗಿ ಕೂಗಿ ದನಿಯೇ ಹಾಗಾಗಿಹೋದ್ದರಿಂದ ಎಲ್ಲರೂ ಅವನನ್ನು ಗುಡುಗಣ್ಣ ಎನ್ನುತ್ತಿದ್ದರು. "ಕೊನೇ ಕಥೇದು ಅಚ್ಚಿನ ಪ್ಲೇಟ್ ಎಲ್ಲಿ? ಹನ್ನೆರಡಕ್ಕೆ ಪಠ್ಯಪುಸ್ತಕದ ಕೆಲಸ ಮಷಿನ್ ಹತ್ತುತ್ತೆ. ಆಮೇಲೆ ಒಂದು ತಿಂಗಳು ನನ್ನ ಕೇಳ್ಬೇಡಿ."

"ಕಥೆ ಮುಗಿದಿಲ್ಲ ಗುಡುಗಣ್ಣ."

"ಮುಗಿಸಿ. ಅದೇನು ಗುಡ್ಡ ಹೊರೋ ಕೆಲಸನಾ?"

"ಹೌದು, ಇದರಲ್ಲಿ ಗುಡ್ಡಾನೂ ಇದೆ," ಎಂದರು ದೊಡ್ಡಮ್ಮ. ಅವರ ಕಣ್ಣಲ್ಲಿ ಏನೋ ಹೊಳೆಯಿತು. ಬಂಡಲಿನಿಂದ ಇಳಿದು ಸೆರಗು ಸಿಕ್ಕಿಸಿಕೊಂಡರು. "ಕೂತ್ಕೋ ಪುಟ್ಟಿ. ಟೈಪ್ ಮಾಡು. ನೀನೂ ಕೂತ್ಕೋಪ್ಪ. ಎದುರಿಗೆ ಕಿವಿ ಇಲ್ದೆ ನಂಗೆ ಕಥೆ ಬರಲ್ಲ. ಆದ್ರೆ ಆಕಳಿಸಿದ್ರೆ ನೋಡು."

ಪುಟ್ಟಿ ಕಂಪ್ಯೂಟರನ್ನು ತನ್ನತ್ತ ಎಳೆದುಕೊಂಡಳು. ನಲವತ್ತು ವರ್ಷ ಕಾಯಿಸಿದ ರಕ್ಕಸ ಈಗ ಎದ್ದು ಕೂರುವವನಿದ್ದ.

ದೊಡ್ಡಮ್ಮ ಗುಡುಗಣ್ಣನಿಗಾಗಿ ಮೊದಲಿನಿಂದ ಚುಟುಕಾಗಿ ಹೇಳಿದರು. ಒಂದೂರಿನಲ್ಲಿ ಇದ್ದಕ್ಕಿದ್ದಂತೆ ಕತ್ತಲಾಗುವುದೇ ನಿಂತುಹೋಯಿತು. ಮಕ್ಕಳಿಗೆ ನಿದ್ದೆಯಿಲ್ಲ, ಗೂಬೆಗಳಿಗೆ ಊಟವಿಲ್ಲ. ಗುಡ್ಡದ ಮೇಲಿನ ರಕ್ಕಸ ಕತ್ತಲನ್ನೆಲ್ಲ ಚಾಪೆಯಂತೆ ಸುತ್ತಿ ಒಯ್ದು ಕಂಬಳಿ ಮಾಡಿ ಹೊದ್ದುಕೊಂಡಿದ್ದ. ದರ್ಜಿಯ ಮಗಳು ಸೂಜಿ, ಕತ್ತರಿ ಹಿಡಿದು ಗುಡ್ಡ ಹತ್ತಿದಳು. ರಕ್ಕಸನ ಗಡ್ಡ ಹಿಡಿದು ಭುಜಕ್ಕೇರಿದಳು. ಸೂಜಿಯ ಮೊನೆ ಕಂಬಳಿಯ ಅಂಚಿಗೆ ತಾಗಿತು. ರಕ್ಕಸ ಒಂದು ಕಣ್ಣು ತೆರೆದ.

ದೊಡ್ಡಮ್ಮ ಅಲ್ಲಿಗೆ ಕಥೆ ನಿಲ್ಲಿಸಿದರು. ಕೋಣೆಯಲ್ಲಿ ಯಾರೂ ಮಲಗಲಿಲ್ಲ. ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ, ಎಲ್ಲರೂ ಅಕ್ಕ ಎನ್ನುವ ಹೆಂಗಸು ಕೂಡ ಕೆಲಸ ಬಿಟ್ಟು ಬಂದು ಗುಡುಗಣ್ಣನ ಹಿಂದೆ ನಿಂತಿದ್ದಳು.

"ಹೂಂ, ಆಮೇಲೆ?" ಎಂದ ಗುಡುಗಣ್ಣ.

"ಆಮೇಲೆ ಕಂಬಳಿ ಕಿತ್ಕೊಂಡು ಓಡಿದ್ಲು," ಎಂದರು ದೊಡ್ಡಮ್ಮ, ಅಷ್ಟೇನೂ ನಂಬಿಕೆಯಿಲ್ಲದೆ.

"ಅದು ಹೆಂಗೆ? ಚಳಿಗೆ ತಾನೆ ಅವನು ಹೊದ್ಕೊಂಡಿದ್ದು? ಕಿತ್ಕೊಂಡ್ರೆ ಅವನ ಗತಿ?"

"ರಕ್ಕಸನ ಮೇಲೆ ನಿನಗೇನು ಅಷ್ಟು ಕಕ್ಕುಲಾತಿ?"

"ಗುಡ್ಡದ ತುದೀಲಿ ಒಬ್ನೇ ಇರೋನು, ಪಾಪ. ಕೇಳೋರಿಲ್ಲ ಅವನ್ನ."

ದೊಡ್ಡಮ್ಮ ಅವನನ್ನೇ ನೋಡಿದರು. ಪುಟ್ಟಿಯ ಬೆರಳುಗಳು ಕೀಲಿಗಳ ಮೇಲೆ ಕಾದವು. ಗೋಡೆಯ ಗಡಿಯಾರದಲ್ಲಿ ಹತ್ತೂಕಾಲು.

"ಬರ್ಕೋ ಪುಟ್ಟಿ," ಎಂದರು ದೊಡ್ಡಮ್ಮ. ದನಿ ಬೇರೆಯಾಗಿತ್ತು. "ಹುಡುಗಿ ಓಡಲಿಲ್ಲ. 'ನಿನಗೆ ಚಳಿಯಾ?' ಅಂತ ಕೇಳಿದಳು. ರಕ್ಕಸನನ್ನು ಅಲ್ಲಿಯವರೆಗೆ ಯಾರೂ ಏನೂ ಕೇಳಿರಲಿಲ್ಲ. ಅವನು ಇನ್ನೊಂದು ಕಣ್ಣನ್ನೂ ತೆರೆದ. 'ತುಂಬಾ' ಅಂದ. ಹುಡುಗಿ ಕತ್ತರಿ ತೆಗೆದಳು. ಕಂಬಳಿಯನ್ನು ಸರಿಯಾಗಿ ನಡುವೆ ಕತ್ತರಿಸಿ ಒಂದು ಅರ್ಧ ಅವನಿಗೆ ಹೊದಿಸಿದಳು, ಇನ್ನೊಂದು ಅರ್ಧ ಊರಿಗೆ ತಂದಳು. ಆದರೆ ಅರ್ಧ ಕಂಬಳಿ ರಕ್ಕಸನಿಗೆ ಕಾಲಿಗೆ ಬಂದರೆ ತಲೆಗೆ ಬರಲಿಲ್ಲ. ಅದಕ್ಕೇ ಒಂದು ಒಪ್ಪಂದ. ಬೆಳಗಾದರೆ ಪೂರ್ತಿ ಕಂಬಳಿ ಅವನಿಗೆ, ಸಂಜೆಯಾದರೆ ಪೂರ್ತಿ ಕಂಬಳಿ ಊರಿಗೆ. ಹುಡುಗಿ ಎರಡು ಅರ್ಧಗಳನ್ನೂ ಮತ್ತೆ ಸೇರಿಸಿ ಹೊಲಿದಳು."

ಪುಟ್ಟಿ ಟೈಪ್ ಮಾಡುತ್ತಲೇ ಇದ್ದಳು. ಮಧ್ಯೆ ಒಮ್ಮೆ ನಕ್ಕಳು, ಕಣ್ಣೊರೆಸಿಕೊಂಡಳು, ಬೆರಳು ಮಾತ್ರ ನಿಲ್ಲಲಿಲ್ಲ.

"ಮುಗೀತಾ?" ಎಂದ ಗುಡುಗಣ್ಣ.

"ಎಲ್ಲಿ ಮುಗೀತು?" ಎಂದಳು ಕತ್ತರಿಸುವ ಅಕ್ಕ. "ಕತ್ತರಿಸಿದ ಮೇಲೆ ಚೂರು ಬೀಳ್ಬೇಕಲ್ಲ? ದಿನಾ ಗುಡಿಸೋಳು ನಾನು, ನಂಗೆ ಗೊತ್ತು. ಅಷ್ಟು ದೊಡ್ಡ ಕಂಬಳಿ ಕತ್ತರಿಸಿ ಚೂರೇ ಬೀಳ್ಲಿಲ್ಲ ಅಂದ್ರೆ ನಾನು ಒಪ್ಪಲ್ಲ."

ದೊಡ್ಡಮ್ಮ ಕೈತಟ್ಟಿ ನಕ್ಕರು. "ಬಿತ್ತು ತಾಯಿ, ಬಿತ್ತು. ಬರ್ಕೋ ಪುಟ್ಟಿ. ಕತ್ತರಿಸುವಾಗ ಉದುರಿದ ಕತ್ತಲಿನ ಚೂರುಗಳು ಗುಡ್ಡದಿಂದ ಉರುಳಿ ಉರುಳಿ ಊರಿಗೆ ಬಂದವು. ಗುಡಿಸಿದರೂ ಹೋಗಲಿಲ್ಲ. ಮಕ್ಕಳ ಕಾಲಡಿಗೆ ಒಂದು, ನಾಯಿಯ ಕಾಲಡಿಗೆ ಒಂದು, ಮರಕ್ಕೊಂದು, ಕಂಬಕ್ಕೊಂದು ಅಂಟಿಕೊಂಡವು. ಅದಕ್ಕೂ ಮೊದಲು ಯಾರಿಗೂ ನೆರಳೇ ಇರಲಿಲ್ಲ."

ಗುಡುಗಣ್ಣ ತನ್ನ ಕಾಲಡಿ ನೋಡಿಕೊಂಡ. ಟ್ಯೂಬ್‌ಲೈಟಿನ ಕೆಳಗೆ, ಶಾಯಿ ಮೆತ್ತಿದ ಚಪ್ಪಲಿಗೆ ಅಂಟಿಕೊಂಡು, ನೆರಳು ಇತ್ತು.

"ಪ್ಲೇಟ್ ಮಾಡ್ಕೊಡಿ, ಹತ್ತಿಸ್ತೀನಿ," ಎಂದ ಅವನು, ಯಾವತ್ತೂ ಇಲ್ಲದಷ್ಟು ಮೆಲ್ಲಗೆ.

ಪುಟ್ಟಿ ಮೂರು ಪುಟ ತುಂಬಿಸಿ, ಈ ಸಲ ಎರಡೆರಡು ಬಾರಿ ಓದಿದಳು. ಹನ್ನೊಂದೂವರೆಗೆ ಪ್ಲೇಟ್ ಮಷಿನ್ ಏರಿತು. ಪಠ್ಯಪುಸ್ತಕದ ಕಾಗದ ಹೊತ್ತ ಲಾರಿ ಬಾಗಿಲಿಗೆ ಬಂದಾಗ ಕೊನೆಯ ಹಾಳೆ ಹೊರಬೀಳುತ್ತಿತ್ತು. ಕತ್ತರಿಸುವ ಅಕ್ಕ ಲಾರಿಯವನಿಗೆ ನೀರು ಕೊಟ್ಟು, ಅದೂ ಇದೂ ವಿಚಾರಿಸಿ, ಇಳಿಸುವುದನ್ನು ಒಂದಿಷ್ಟು ತಡಮಾಡಿಸಿದಳು. ಸಂಜೆ ಮಡಿಚಿ, ಹೊಲಿದು, ರಟ್ಟು ಅಂಟಿಸಿದ ಮೊದಲ ಪ್ರತಿ ದೊಡ್ಡಮ್ಮನ ಕೈಗೆ ಬಂತು. ಅವರು ಹೊಸ ಕನ್ನಡಕ ಹಾಕಿ, ಕೊನೆಯ ಪುಟವನ್ನೇ ಮೊದಲು ತೆರೆದರು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅವರು ಗ್ರಂಥಾಲಯದಲ್ಲಿ 'ಕತ್ತಲ ಕಂಬಳಿ'ಯನ್ನು ಪೂರ್ತಿ ಓದಿದರು. ಮಕ್ಕಳೆಲ್ಲ ಕೊನೆಯವರೆಗೂ ಎಚ್ಚರವಿದ್ದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಪುಟ್ಟಿ, ರಕ್ಕಸ ಕಣ್ಣು ತೆರೆಯುವ ಮೊದಲೇ ನಿದ್ದೆ ಹೋಗಿದ್ದಳು.