ಬಿಸಿಲು ತಾಗಿದ ಹಾಲು

ನಿಂಬೆ ತೋಟದಿಂದ ಮನೆಗೆ ಅರ್ಧ ಗಂಟೆಯ ದಾರಿ. ಪಿಯುರಾ ಸೀಮೆಗೆ ಫೆಬ್ರವರಿಯೆಂದರೆ ನಡುಬೇಸಿಗೆ; ಆ ಬಿಸಿಲಿನಲ್ಲಿ ಆ ದಾರಿಗೆ ನೆರಳೆಂಬುದೇ ಇಲ್ಲ. ಬೆಳಗ್ಗೆ ಆರಕ್ಕೆ ಮಗುವಿಗೆ ಹಾಲೂಡಿಸಿ ಹೋಗಿದ್ದ ನೆಲಿದಾ ಹನ್ನೆರಡೂವರೆಗೆ ಮರಳು ತುಳಿಯುತ್ತ ಓಡೋಡಿ ಬಂದಳು. ಹಾಲು ಕಟ್ಟಿ ಎದೆ ಕಲ್ಲಾಗಿತ್ತು. ಅಂಗಿಯ ಮುಂಭಾಗವೆಲ್ಲ ಒದ್ದೆ.

ಅಂಗಳದ ಅಲ್ಗರ್ರೋಬೊ ಮರದಡಿ ಅತ್ತೆ ಅಸುಂತಾ ಕೂತಿದ್ದಳು. ತೊಡೆಯ ಮೇಲೆ ನಾಲ್ಕು ತಿಂಗಳ ಲುಸ್ಮಿಲಾ, ಕೈಯಲ್ಲಿ ಸಕ್ಕರೆ ಹಾಕಿದ ಸೋಂಪಿನ ನೀರಿನ ಬಾಟಲಿ.

"ಎಷ್ಟು ಬಟ್ಟೆ ಒದ್ದೆ ಮಾಡಿದ್ಳು ಅತ್ತೆ?"

"ನೀನು ಹೋದ ಮೇಲೆ ಒಂದು. ಆಮೇಲೆ ಇಲ್ಲ. ಜಾಣೆ, ಅಜ್ಜಿಗೆ ಕೆಲಸ ಕಡಿಮೆ ಮಾಡ್ತಾಳೆ."

ನೆಲಿದಾ ಮಗುವಿನ ಬಟ್ಟೆಯೊಳಗೆ ಬೆರಳಿಟ್ಟು ನೋಡಿದಳು. ಒಣಗಿದ ಬಟ್ಟೆ. ತುಟಿ ಸಿಪ್ಪೆ ಎದ್ದಿತ್ತು. ಲುಸ್ಮಿಲಾ ಅಮ್ಮನ ವಾಸನೆಗೆ ಮುಖ ತಿರುಗಿಸಿ ಅತ್ತಳು; ಆ ಅಳುವಿನಲ್ಲಿ ಎಂದಿನ ಜೋರು ಇರಲಿಲ್ಲ.

ಕೈ ಚಾಚಿದರೆ ಅಸುಂತಾ ಮಗುವನ್ನು ಆಚೆ ತಿರುಗಿಸಿಕೊಂಡಳು.

"ನಿಲ್ಲು. ಬಿಸಿಲಲ್ಲಿ ಬಂದಿದೀಯ. ಕಾದ ಹಾಲನ್ನ ಮೊದಲು ಮರದ ಬುಡಕ್ಕೆ ಹಿಂಡು. ಮೈ ಆರಲಿ, ಆಮೇಲೆ ಕೊಡ್ತೀನಿ."

ಆ ಕೇರಿಯ ಹೆಂಗಸರೆಲ್ಲ ಹೀಗೇ ಮಾಡುತ್ತಿದ್ದರು. ಬಿಸಿಲು ತಾಗಿದ ಹಾಲು ಮಗುವಿನ ಹೊಟ್ಟೆ ಸುಡುತ್ತದೆಂದು ಅವರ ನಂಬಿಕೆ. ಕೆಲಸಕ್ಕೆ ಮರಳಿದ ಈ ನಾಲ್ಕು ವಾರ ನೆಲಿದಾಳೂ ದಿನಾ ಮರಕ್ಕೆ ಹಾಲು ಹಿಂಡಿ, ಒಂದು ಗಂಟೆ ಸುಮ್ಮನೆ ಕೂತಿದ್ದಳು. ಅಷ್ಟರಲ್ಲಿ ಮಗುವಿನ ಹೊಟ್ಟೆ ಸೋಂಪಿನ ನೀರಿನಿಂದ ತುಂಬಿರುತ್ತಿತ್ತು. ಎದೆಗಿಟ್ಟರೆ ನಾಲ್ಕು ಗುಟುಕಿಗೆ ಸಾಕೆನ್ನುತ್ತಿತ್ತು. ಆರೋಗ್ಯ ಕೇಂದ್ರದ ತಕ್ಕಡಿಯ ಮುಳ್ಳು ಹೋದ ವಾರ ಹಿಂದಿನ ತೂಕದಲ್ಲೇ ನಿಂತಿತ್ತು. "ಆರು ತಿಂಗಳವರೆಗೆ ಒಂದು ಹನಿ ನೀರೂ ಬೇಡ. ಸೆಕೆ ಜಾಸ್ತಿ ಆದಷ್ಟೂ ಎದೆಹಾಲನ್ನೇ ಜಾಸ್ತಿ ಸಲ ಕೊಡು. ನೀರು ಕುಡೀಬೇಕಾದವಳು ನೀನು" ಎಂದು ನರ್ಸ್ ಬಿಡಿಸಿ ಹೇಳಿದ್ದಳು. ಮನೆಯಲ್ಲಿ ರಂಪ ಬೇಡವೆಂದು ನೆಲಿದಾ ಆ ಮಾತನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು.

"ಇವತ್ತು ಹಿಂಡಲ್ಲ ಅತ್ತೆ. ಮಗು ಕೊಡಿ."

ಬಿದಿರು ಬೇಲಿಯ ಮೇಲೆ ಪಕ್ಕದ ಮನೆಯ ಗ್ರೆಗೋರಿಯಾಳ ತಲೆ ಕಾಣಿಸಿತು. "ಗುವಾ, ಅಬ್ಬಬ್ಬಾ! ಸೊಸೆ ಬಾಯಿ ಬಿಟ್ಟಳಲ್ಲೇ ಅಸುಂತಾ! ತಕ್ಕಡಿ ನೋಡಿ ಬಂದವಳು ಡಾಕ್ಟರಾಗಿಬಿಟ್ಟಳು."

"ಆಗಿದ್ದೀನಿ ಗ್ರೆಗೋರಿಯಮ್ಮ. ನಿಮ್ಮ ಹಲ್ಲುನೋವಿಗೂ ಔಷಧಿ ಕೊಡ್ತೀನಿ, ಬಾಯಿ ಮುಚ್ಚಿಕೊಂಡಿದ್ರೆ."

ತಲೆ ಕೆಳಗಿಳಿಯಿತು. ಅಸುಂತಾ ನಗಲಿಲ್ಲ.

"ನಿನಗೇನು ಗೊತ್ತೇ? ನನ್ನ ಕೂಸು ತೆಯೋಫಿಲೋನನ್ನ ಕೊಂದದ್ದು ನನ್ನ ಹಾಲು. ಹತ್ತಿ ಹೊಲದಿಂದ ಬಂದವಳು ಬಂದ ಹಾಗೇ ಎದೆಗಿಟ್ಕೊಂಡೆ. ರಾತ್ರಿಗೆ ಭೇದಿ ಶುರುವಾಯ್ತು. ಆಮೇಲೆ ಎದೆ ಮುಟ್ಟಿಸ್ಲೇ ಇಲ್ಲ, ಬರೀ ಸೋಂಪಿನ ನೀರು ಕೊಟ್ಟೆ, ಚಮಚದಲ್ಲಿ, ಮೂರು ದಿನ. ಆದ್ರೂ ಹೋದ. ಇವಳನ್ನೂ ಕಳಿಸ್ಬೇಕಾ?"

ಈ ಮಾತು ನೆಲಿದಾ ಹಿಂದೆಂದೂ ಕೇಳಿರಲಿಲ್ಲ. ಮೂರು ದಿನ, ಬರೀ ನೀರು. ಅವಳಿಗೆ ಥಟ್ಟನೆ ಒಂದು ಅರ್ಥ ಹೊಳೆಯಿತು, ನಾಲಿಗೆಯ ತುದಿಗೂ ಬಂತು. ಅದನ್ನು ಆಡಿದರೆ ಈ ಹೆಂಗಸು ಕೂತಲ್ಲಿಂದ ಏಳಲಾರಳೆಂದು ನುಂಗಿಕೊಂಡಳು. ಬದಲಿಗೆ ಮಣ್ಣಿನಲ್ಲಿ ಅತ್ತೆಯ ಎದುರು ಮಂಡಿಯೂರಿದಳು.

"ಪಾಪ ಬಂದ್ರೆ ನನಗೆ ಬರಲಿ. ಹೆತ್ತವಳು ನಾನು. ನೀವು ಬೈದರೂ ಸರಿ, ಹೊಡೆದರೂ ಸರಿ, ಈ ಮಗು ಈಗ ಕುಡೀಬೇಕು. ಕುಡೀದೆ ಹೋದ್ರೆ ಹೀಗೇ ಎತ್ಕೊಂಡು ಆರೋಗ್ಯ ಕೇಂದ್ರಕ್ಕೆ ಓಡ್ತೀನಿ."

ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಗುವನ್ನು ತೆಗೆದುಕೊಂಡಳು. ಒಳಗೆ ಹೋಗಲಿಲ್ಲ. ಬೇಲಿಯಾಚೆಯವರು ಯಾರಾದರೂ ನೋಡಲಿ ಎಂದು ಅಂಗಳದ ನಡುವಿನ ನೆರಳಲ್ಲೇ ಕೂತು ಅಂಗಿಯ ಗುಂಡಿ ಬಿಚ್ಚಿದಳು.

ಲುಸ್ಮಿಲಾ ಮೊದಲು ಕಚ್ಚಿ ಬಿಟ್ಟಳು. ಮತ್ತೆ ಕಚ್ಚಿದಳು, ಕಣ್ಣು ಮುಚ್ಚಿದಳು. ನೆಲಿದಾ ಅವಳ ಅಂಗಾಲು ಕೆರೆದು ಎಬ್ಬಿಸಿದಳು. ಮೂರನೆಯ ಸಲಕ್ಕೆ ಗಂಟಲಿನಿಂದ ಗುಟಕ್ ಗುಟಕ್ ಎಂಬ ಸದ್ದು ಬಂತು, ಆಮೇಲೆ ನಿಲ್ಲಲಿಲ್ಲ.

ಅಸುಂತಾ ಬೆನ್ನು ತಿರುಗಿಸಿ ಕೂತು ತನ್ನ ಸಂತರನ್ನೆಲ್ಲ ಕರೆಯುತ್ತಿದ್ದಳು.

"ಅತ್ತೆ, ನೀರು ಕೊಡಿ. ನನಗೆ."

ಅಸುಂತಾ ಸೋರೆ ಬುರುಡೆಯ ತುಂಬ ಹೂಜಿಯ ನೀರು ತಂದು ಅವಳ ಪಕ್ಕ ನೆಲಕ್ಕೆ ಕುಕ್ಕಿದಳು. ನೆಲಿದಾ ಒಂದೇ ಉಸಿರಿಗೆ ಕುಡಿದು ಬುರುಡೆಯನ್ನು ಮತ್ತೆ ಚಾಚಿದಳು. ಎರಡನೆಯ ಎದೆ ಖಾಲಿಯಾಗುವ ಹೊತ್ತಿಗೆ ಅವಳ ತೊಡೆ ಬೆಚ್ಚಗಾಯಿತು.

"ಉಚ್ಚೆ ಹೊಯ್ದಳು!" ಎಂದು ಕೂಗಿದಳು, ಬೇಲಿಯಾಚೆಗೂ ಕೇಳಲೆಂದೇ.

ಒಂದು ಸಲದ ಉಚ್ಚೆಗೆ ಅವಳ ಹೆದರಿಕೆ ಹೋಗಲಿಲ್ಲ. ತೋಟಕ್ಕೆ ಮರಳದೆ ಆಗಲೇ ಮಗುವನ್ನು ಆರೋಗ್ಯ ಕೇಂದ್ರಕ್ಕೆ ಹೊತ್ತಳು. ಅಸುಂತಾ ಹುಲ್ಲಿನ ಟೋಪಿ ಏರಿಸಿಕೊಂಡು ಹಿಂದೆಯೇ ಹೊರಟಳು. "ಆ ನರ್ಸಿಗೆ ನಾಲ್ಕು ಮಾತು ಆಡ್ಬೇಕು" ಎಂದಳು.

ನರ್ಸ್ ಮಗುವಿನ ನೆತ್ತಿ ಮುಟ್ಟಿದಳು, ಬಾಯಿ ನೋಡಿದಳು, ತೂಗಿದಳು. "ಈಗ ಪರವಾಗಿಲ್ಲ. ಆದ್ರೆ ಈ ಸೆಕೇಲಿ ಆರು ಗಂಟೆ ಹಾಲಿಲ್ಲದೆ ಇಡಬಾರ್ದು. ಎರಡು ಗಂಟೆಗೊಂದು ಸಲ ಕೊಡ್ಬೇಕು, ಕೇಳಿದ್ರೆ ಇನ್ನೂ ಬೇಗ."

"ಬಿಸಿಲು ತಾಗಿದ್ರೂ?" ಅಸುಂತಾ ಕೇಳಿದಳು.

"ಬಿಸಿಲಿಗೆ ಹಾಲು ಕೆಡಲ್ಲ ಅಮ್ಮ. ಭೇದಿ ಆದ್ರೂ ಎದೆ ಬಿಡಿಸಬಾರ್ದು. ಆಗಲೇ ಜಾಸ್ತಿ ಬೇಕು."

ಅಸುಂತಾಳ ನಾಲ್ಕು ಮಾತು ಬಾಯಿಂದ ಹೊರಡಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಟೋಪಿಯ ಅಂಚು ಕಣ್ಣಿನವರೆಗೆ ಎಳೆದುಕೊಂಡೇ ನಡೆದಳು. ನೆಲಿದಾ ಜೊತೆಜೊತೆಗೆ ನಡೆದಳು, ಅಷ್ಟೇ.

ಮರುದಿನ ಬೆಳಗ್ಗೆ ಎಂಟಕ್ಕೆ ತೋಟದಲ್ಲಿ ಗಲಾಟೆ. ನೆಲಿದಾ ಏಣಿಯ ಮೇಲಿಂದ ನೋಡಿದರೆ ಗೇಟಿನಲ್ಲಿ ಕಪ್ಪು ಕೊಡೆ, ಕೊಡೆಯಡಿ ಅತ್ತೆ, ಅವಳ ಹೆಗಲಿನ ಮೇಲೆ ಲುಸ್ಮಿಲಾ. ಮೇಸ್ತ್ರಿ ಎಫ್ರಾಯಿನ್ ಎರಡೂ ಕೈ ಅಡ್ಡ ಚಾಚಿ ನಿಂತಿದ್ದ.

"ಅಜ್ಜಿ, ಇಲ್ಲಿ ಕೂಸುಗಳನ್ನ ಬಿಡಲ್ಲ."

"ಇವಳೇನು ನಿಂಬೆ ಕೀಳೋಕೆ ಬಂದಿದಾಳಾ? ಊಟಕ್ಕೆ ಬಂದಿದಾಳೆ."

"ರೂಲ್ಸು ಇದೆ ಅಜ್ಜಿ."

"ನಿನ್ನಮ್ಮ ನಿನ್ನನ್ನ ಬೆನ್ನಿಗೆ ಕಟ್ಕೊಂಡು ಹತ್ತಿ ಬಿಡಿಸ್ತಿದ್ದಾಗ ಪಕ್ಕದ ಸಾಲಲ್ಲಿ ನಾನೇ ಇದ್ದೆ. ಅವತ್ತು ನೀನು ಯಾವ ರೂಲ್ಸು ಓದ್ಕೊಂಡು ಹಾಲು ಕುಡಿದೆ? ಹಾದಿ ಬಿಡು. ಹತ್ತಕ್ಕೂ ಬರ್ತೀನಿ, ಹನ್ನೆರಡಕ್ಕೂ ಬರ್ತೀನಿ. ಆ ಬೇಲಿಯಾಚೆ ಮರದಡೀಲೇ ಕೂತಿರ್ತೀನಿ. ಗೇಟು ಹಾಕಿದ್ರೆ ಬೇಲಿ ಹಾರ್ತೀನಿ, ಈ ವಯಸ್ಸಲ್ಲಿ ಬಿದ್ದು ಸತ್ರೆ ನಿನ್ನ ಹೆಸರು ಹೇಳೇ ಸಾಯ್ತೀನಿ!"

ಸಾಲುಗಳಲ್ಲಿದ್ದ ಹೆಂಗಸರು ನಕ್ಕರು. ಒಬ್ಬಳು ಶಿಳ್ಳೆ ಹಾಕಿದಳು. ನೆಲಿದಾ ಯಾರ ಅಪ್ಪಣೆಗೂ ಕಾಯದೆ ಏಣಿ ಇಳಿದಳು, ಲಂಗಕ್ಕೆ ಕೈ ಒರೆಸಿಕೊಂಡಳು, ಗೇಟಿನ ಪಕ್ಕದ ನೆರಳಲ್ಲಿ ಖಾಲಿ ಬುಟ್ಟಿಯೊಂದನ್ನು ಬೋರಲು ಹಾಕಿ ಕೂತಳು.

"ನಾನೇನು ಒಪ್ಪಿಬಿಟ್ಟೆ ಅಂದ್ಕೋಬೇಡ" ಎನ್ನುತ್ತ ಅಸುಂತಾ ಮಗುವನ್ನು ಅವಳ ಮಡಿಲಿಗೆ ಇಳಿಸಿದಳು.

ಎಫ್ರಾಯಿನ್ ಗಡಿಯಾರ ನೋಡಿಕೊಂಡ. "ಕಾಲು ಗಂಟೆ. ಅದಕ್ಕಿಂತ ಒಂದು ನಿಮಿಷ ಹೆಚ್ಚಿಲ್ಲ."

"ನನ್ನ ಹತ್ರ ಯಾಕೆ ಹೇಳ್ತೀಯಾ?" ಅಸುಂತಾ ಗಲ್ಲದಿಂದಲೇ ಮಗುವಿನತ್ತ ತೋರಿಸಿ, ಕೊಡೆ ಮಡಚಿ ಗೇಟಿಗೆ ಅಡ್ಡಲಾಗಿ ನಿಂತಳು. "ಅವಳಿಗೇ ಹೇಳು. ಗಡಿಯಾರ ನೋಡೋಕೆ ಅವಳಿಗಿನ್ನೂ ಬರಲ್ಲ."