ಮೂಲೆಯಾಚೆ

ಗಂಡ ಹೆಂಡತಿ ಬೇರೆಯಾಗಿ ಮೂರು ವರ್ಷವಾಗಿತ್ತು. ಆದರೂ ಭಾನುವಾರ ಬಂತೆಂದರೆ ಇಬ್ಬರೂ ಜೊತೆಯಾಗಿ ಬಂಡೆ ಹತ್ತಲು ಹೋಗುತ್ತಿದ್ದರು. ಅವಳು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಯಂತ್ರದ ಮುಂದೆ ಕೂತು ಗಾಜು ಉಜ್ಜುವವಳು, ಅವನು ಬಸ್ ಡ್ರೈವರ್. ಒಂದೇ ಸೂರಿನಡಿ ಬಾಳಲು ಆಗಲಿಲ್ಲ, ಆದರೆ ಪ್ರಾಣವನ್ನು ನಂಬಿ ಕೊಡಲು ಇಬ್ಬರಿಗೂ ಬೇರೆ ಕೈ ಸಿಕ್ಕಿರಲಿಲ್ಲ. "ಊಟಕ್ಕೆ ಜೊತೇಲಿ ಕೂರೋಕಾಗಲ್ಲ, ಸಾಯೋಕೆ ಜೊತೇಲಿ ಹೋಗ್ತೀರಾ" ಎಂದು ಅವಳ ಅಕ್ಕ ಆಡಿಕೊಳ್ಳುತ್ತಿದ್ದಳು.

ಯಾವಾಗಲೂ ಮುಂದೆ ಹತ್ತುವವನು ಅವನೇ. ಆ ದಿನ ಬಂಡೆಯ ಬುಡದಲ್ಲಿ ಹಗ್ಗ ಬಿಚ್ಚಿ ತುದಿಯನ್ನು ಅವಳತ್ತ ಚಾಚಿದ.

"ಇವತ್ತು ನೀನು ಮುಂದೆ ಹೋಗು."

"ನಾನ್ಯಾಕೆ?"

"ಎಂದಾದ್ರೂ ಹೋಗ್ಲೇಬೇಕಲ್ಲ. ಕಷ್ಟದ ದಾರಿ ಏನಲ್ಲ, ಸ್ವಲ್ಪ ಕಿತಾಪತಿ ಅಷ್ಟೇ."

ಆ ಬಂಡೆಗೆ ಯಾರೂ ಮೊಳೆ ಹೊಡೆದಿರಲಿಲ್ಲ. ಮುಂದೆ ಹೋಗುವವರು ಬಿರುಕು ಸಿಕ್ಕಲ್ಲಿ ಲೋಹದ ಬೆಣೆ ಸಿಕ್ಕಿಸಿ, ಅದಕ್ಕೊಂದು ಪಟ್ಟಿ, ಪಟ್ಟಿಗೊಂದು ಕೊಂಡಿ ಹಾಕಿ, ಹಗ್ಗ ಹಾಯಿಸಿಕೊಳ್ಳುತ್ತ ಏರಬೇಕು. ಬಿದ್ದರೆ ತಡೆಯುವುದು ಆ ಬೆಣೆ ಮತ್ತು ಕೆಳಗೆ ಹಗ್ಗ ಹಿಡಿದವರ ಕೈ.

ಅರ್ಧ ದಾರಿ ಸಲೀಸಾಯಿತು. ಮುಷ್ಟಿಯನ್ನು ಬಿರುಕಿಗೆ ತುರುಕಿ ಮೈಯನ್ನು ಎತ್ತಿಕೊಳ್ಳುತ್ತ ಹೋದಳು. ಬಿರುಕು ಮುಗಿದಲ್ಲಿ ದಾರಿ ಬಲಕ್ಕೆ ಮೂಲೆ ತಿರುಗುತ್ತಿತ್ತು. ಅಲ್ಲೊಂದು ಬೆಣೆ ಇಟ್ಟು, ಬೆರಳಗಲದ ಅಂಚಿನ ಮೇಲೆ ಕಾಲಿಟ್ಟು ಅಡ್ಡಡ್ಡ ಸರಿದಳು. ಅವನು ಮರೆಯಾದ. ಇನ್ನಷ್ಟು ಸರಿಯುವಷ್ಟರಲ್ಲಿ ಹಗ್ಗ ಸೊಂಟವನ್ನು ಹಿಂದಕ್ಕೆ ಜಗ್ಗತೊಡಗಿತು.

"ಹಗ್ಗ ಬಿಡು" ಎಂದು ಕೂಗಿದಳು. ಗಾಳಿ ಬಿಟ್ಟರೆ ಮತ್ತೇನೂ ಕೇಳಲಿಲ್ಲ. ಮತ್ತೆ ಕೂಗಿದಳು. ಹಳೆಯ ಸಿಟ್ಟು ನೆತ್ತಿಗೇರಿತು. ಇವನು ಯಾವತ್ತೂ ಹೀಗೇ, ಬಿಡಬೇಕಾದಾಗ ಬಿಡುವುದಿಲ್ಲ. ತಿರುಗಿ ನೋಡಿದಾಗ ಅವನ ತಪ್ಪೇನೂ ಇಲ್ಲವೆಂದು ತಿಳಿಯಿತು. ಮೂಲೆಯ ಬೆಣೆಗೆ ಅವಳು ಹಾಕಿದ್ದ ಪಟ್ಟಿ ಗಿಡ್ಡವಾಗಿತ್ತು, ಹಗ್ಗ ಕಲ್ಲಿನ ಅಂಚಿಗೆ ಕಚ್ಚಿಕೊಂಡಿತ್ತು.

ಮುಂದೆ ಹೋಗುವ ಹಾಗಿಲ್ಲ, ಕೇಳಲು ಯಾರೂ ಇಲ್ಲ. ಮದುವೆ ಮುರಿದ ಮೇಲೆ ಮನೆಯಲ್ಲಿ ಎಷ್ಟೋ ಸಂಜೆ ಒಬ್ಬಳೇ ಕೂತಿದ್ದಳು. ಆದರೆ ಆಗೆಲ್ಲ ದೀಪ ಹಾಕಬಹುದಿತ್ತು, ಅಕ್ಕನಿಗೆ ಫೋನ್ ಮಾಡಬಹುದಿತ್ತು.

ಬಂದ ದಾರಿಯಲ್ಲೇ ಹಿಂದಕ್ಕೆ ಸರಿದಳು. ಮುಂದೆ ಹೋಗುವುದಕ್ಕಿಂತ ಅದು ಕಷ್ಟ, ಕಾಲಿಡುವ ಜಾಗ ಕಾಣದು. ಮೂಲೆ ಮುಟ್ಟಿ, ಮರೆಯಲ್ಲೇ ಒಂದೇ ಕೈಯಲ್ಲಿ ಜೋತು, ಇನ್ನೊಂದನ್ನು ಚಾಚಿ ಗಿಡ್ಡ ಪಟ್ಟಿ ತೆಗೆದು ಉದ್ದದ್ದನ್ನು ಹಾಕಿದಳು. ಹಗ್ಗ ಸಡಿಲವಾಯಿತು. ಮತ್ತೆ ಅದೇ ಅಂಚಿನ ಮೇಲೆ ಸರಿದು, ಆಚೆಯ ಬಿರುಕು ಹಿಡಿದು, ಏದುಸಿರು ಬಿಡುತ್ತ ತುದಿ ಸೇರಿದಳು.

ಹಗ್ಗ ಜಗ್ಗಿ ಸನ್ನೆ ಮಾಡಿದ ಮೇಲೆ, ಅವಳಿಟ್ಟ ಬೆಣೆಗಳನ್ನು ಕೀಳುತ್ತ ಅವನು ಮೇಲೆ ಬಂದ.

"ಮಧ್ಯೆ ತುಂಬಾ ಹೊತ್ತು ನಿಂತುಬಿಟ್ಟೆ. ಸುಧಾರಿಸ್ಕೊಳ್ತಿದ್ಯಾ?"

"ವಾಪಸ್ ಬಂದಿದ್ದೆ. ಮೂಲೇವರೆಗೂ."

"ಹೌದಾ? ಗೊತ್ತೇ ಆಗ್ಲಿಲ್ಲ ನಂಗೆ."

ಬಾಟಲಿಯ ನೀರು ಕುಡಿದು, ಮುಚ್ಚಳ ತಿರುಗಿಸುತ್ತ ಅವನು ಹೇಳಿದ, "ಮುಂದಿನ ತಿಂಗಳು ನನ್ನ ಮದುವೆ. ಅವಳಿಗೆ ಇದೆಲ್ಲ ಭಯ. ಬಿಡ್ತೀನಿ ಅಂತ ಮಾತು ಕೊಟ್ಟಿದೀನಿ."

"ಭಯ ಬಂಡೆ ಕಂಡ್ರಾ, ನನ್ನ ಕಂಡ್ರಾ?"

ಅವನು ಸ್ವಲ್ಪ ಯೋಚಿಸಿದ. "ಎರಡೂ ಕಂಡ್ರೆ."

ಅವಳಿಗೆ ನಗು ಬಂತು. "ಒಳ್ಳೇದಾಗ್ಲಿ" ಎಂದಳು. ಮನಸಾರೆಯೇ ಹೇಳಿದಳು. ತಾನು ಇವತ್ತು ಯಾಕೆ ಮುಂದೆ ಹತ್ತಬೇಕಾಯಿತು ಎಂಬುದೂ ಈಗ ಅರ್ಥವಾಯಿತು.

"ನೀನು ಹೋಗಿರು, ನಾನು ಆಮೇಲೆ ಇಳೀತೀನಿ" ಎಂದಾಗ ಅವನು ಒತ್ತಾಯ ಮಾಡಲಿಲ್ಲ. ಹಿಂಬದಿಯ ಕಾಲುದಾರಿಯಲ್ಲಿ ಅವನ ಸಪ್ಪಳ ಕರಗುವವರೆಗೂ ಅವಳು ಬೇರೆ ಕಡೆ ನೋಡುತ್ತ ಕೂತಿದ್ದಳು. ಆಮೇಲೆ ಒಂದಿಷ್ಟು ಅತ್ತಳು.

ಸೋಮವಾರ ಅಂಗಡಿಯಲ್ಲಿ ಪಕ್ಕದ ಯಂತ್ರದವಳು ಅವಳ ಸುಲಿದ ಕೈ ನೋಡಿ ಕೇಳಿದಳು, "ಏನೇ ಇದು, ಬಿದ್ಯಾ?"

"ಇಲ್ಲ, ಬೀಳ್ಲಿಲ್ಲ" ಎಂದಳು ಅವಳು. ಉಳಿದದ್ದನ್ನು ಎಲ್ಲಿಂದ ಶುರು ಮಾಡುವುದೆಂದು ತಿಳಿಯುವಷ್ಟರಲ್ಲಿ, ಆಕೆ ತನ್ನ ಯಂತ್ರವನ್ನು ಚಾಲೂ ಮಾಡಿದ್ದಳು.